ದೊರೆಸಾನಿಯ ಉಡಿ

ನಮ್ಮ ಧಾರವಾಡದ ಕಡೆ ತಡವಾಗಿ ಏಳುವ ಹೆಣ್ಣುಮಕ್ಕಳಿಗೆ ಒಂದು ಬಿರುದು ಸದಾ ತಯಾರಿರುತ್ತದೆ, ದೊರೆಸಾನಿ ಅಂತ. ದೊರೆಯ ಹೆಂಡತಿ ಎಂದರ್ಥ. ನಮ್ಮವ್ವ ಅದನ್ನು ನನಗೆ ಕೊಟ್ಟಿದ್ದಳು, ನಾನು ನನ್ನ ಸೊಸೆಗೆ ಕೊಟ್ಟೆ. ಆಗಿನ್ನೂ ಅವಳು ಸೊಸೆಯಾಗಿರಲಿಲ್ಲ. ಮಗ ಅವಳನ್ನು ಮೊದಲ ಸಲ, ಇಲ್ಲಿ ಪರದೇಶದಲ್ಲಿ, ಎವರ್‌ಗ್ರೀನ್ ಎಂಬ ಬಡಾವಣೆಯ ನಮ್ಮ ಮನೆಗೆ ಕರೆತಂದಿದ್ದ. ಬೆಳಿಗ್ಗೆ ಉಪ್ಪಿಟ್ಟು ಆರಿ ಕಲ್ಲಾಗುತ್ತಿದೆ, ಮಹಡಿಯ ಕೋಣೆಯ ಬಾಗಿಲು ತೆರೆಯುವ ಲಕ್ಷಣವೇ ಇಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಮನೆಯವರಿಗೆಲ್ಲ ಗೊತ್ತು. ಮೇಲೆ ಹೋಗಿ ಬಾಗಿಲು ಬಡಿದು, "ಏಳ್ರೀ ದೊರೆಸಾನಿಯವರ, ಸೂರ್ಯ ನೆತ್ತಿ ಮ್ಯಾಲೆ ಬಂದಾನ" ಎಂದೆ. ಅವಳಿಗೆ ಕನ್ನಡ ಒಂದಕ್ಷರವೂ ಬರುವುದಿಲ್ಲ ಎಂಬ ಧೈರ್ಯ ನನಗೆ.

ಬಾಗಿಲು ತೆರೆಯಿತು. ಅವಳು ಎದ್ದು ಎಷ್ಟೋ ಹೊತ್ತಾಗಿತ್ತು. ಹಾಸಿಗೆ ಮಡಚಿಟ್ಟಿದ್ದಳು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು, ನೆಲದ ತುಂಬ ಹಾಳೆಗಳು. "ದೊರೆಸಾನಿ" ಎಂದು ನನ್ನ ಮಾತನ್ನೇ ನನಗೆ ತಿರುಗಿಸಿ, ಹಾಗೆಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಿಕ್ಕಿಬಿದ್ದೆನಲ್ಲ ಎಂದು ನಾಚಿಕೆಯಾಯಿತು. ಪ್ರಿನ್ಸೆಸ್ ಇದ್ದ ಹಾಗೆ, ಆದರೆ ಹುಟ್ಟಿನಿಂದಲ್ಲ, ದೊರೆಯನ್ನು ಮದುವೆಯಾದದ್ದರಿಂದ ಎಂದು ತಡವರಿಸುತ್ತ ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೆಳಗಿನಿಂದ ಅವಳು ತಲೆ ಕೆಡಿಸಿಕೊಂಡು ಕೂತದ್ದು ಅದೇ ಪದದ ಮೇಲೆ. ಅವಳ ಕಡೆಯ ಭಾಷೆಗಳ ದೊರೆಸಾನಿಯ ಮೇಲೆ.

ಅವಳು ಯುಕ್ರೇನಿನವಳು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು ಹಳ್ಳಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಇಲ್ಲಿಗೆ ಓದಲು ಬಂದು, ಆಮೇಲೆ ಸ್ಯಾನ್ ಮಟಿಯೋದ ಒಂದು ಆಫೀಸಿನಲ್ಲಿ ಭಾಷೆಗೆ ಸಂಬಂಧಪಟ್ಟ ಯಾವುದೋ ಕೆಲಸಕ್ಕೆ ಸೇರಿದ್ದಳು. ಅದು ಹೊಟ್ಟೆಪಾಡು. ಜೀವವೆಲ್ಲ ಹಳೆಯ ಪದಗಳ ಮೇಲೆ. ಅವತ್ತು ನನ್ನ ಆರಿದ ಉಪ್ಪಿಟ್ಟನ್ನು ತಿನ್ನುತ್ತಲೇ ನನಗೆ ಪಾಠ ಮಾಡಿದಳು. ರಷ್ಯನ್, ಯುಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್ ಎಲ್ಲ ಬೇರೆಬೇರೆ ಆಗುವ ಮುಂಚೆ ಅವಕ್ಕೆ ಒಬ್ಬಳೇ ತಾಯಿ ಇದ್ದಳಂತೆ, ಒಂದೇ ಹಳೆಯ ಭಾಷೆ. ಅದನ್ನು ಯಾರೂ ಬರೆದಿಡಲಿಲ್ಲ. ಆ ಭಾಷೆಯಲ್ಲಿ ದೊರೆಯ ಹೆಂಡತಿಗೆ ಏನೆನ್ನುತ್ತಿದ್ದರು ಎಂದು ತಿಳಿಯಬೇಕಾದರೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಾಯಿಯ ಮುಖ ಊಹಿಸಬೇಕು. ಯುಕ್ರೇನಿನಲ್ಲಿ ಕ್ನ್ಯಹಿನ್ಯಾ. ರಷ್ಯನ್ನಿನಲ್ಲಿ, ಬಲ್ಗೇರಿಯನ್ನಿನಲ್ಲಿ ಕ್ನ್ಯಗಿನ್ಯಾ. ಸರ್ಬಿಯನ್ನಿನಲ್ಲಿ ಕ್ನೆಗಿನ್ಯಾ. ಇವನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಹೋದರೆ ಸಿಗುವವಳು ಕುನೆಂಗಿನಿ. ಅದನ್ನು ಹಾಳೆಯ ಮೇಲೆ ಬರೆದು, ಅದರ ಮುಂದೆ ಒಂದು ಚುಕ್ಕಿ ಹಾಕಿದಳು, ನಕ್ಷತ್ರದ ಗುರುತು.

ಈ ಚುಕ್ಕಿ ಯಾಕೆ ಎಂದು ಕೇಳಿದೆ. ಈ ಪದವನ್ನು ಯಾರೂ ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಕೇಳಿಲ್ಲ, ಇದ್ದಿರಬೇಕು ಎಂದು ನಾವು ಹೇಳುತ್ತಿದ್ದೇವೆ, ಅದನ್ನು ಒಪ್ಪಿಕೊಳ್ಳುವ ಗುರುತು ಅದು ಎಂದಳು. ಚುಕ್ಕಿ ಹಾಕದೆ ಬರೆದರೆ ಸುಳ್ಳು ಹೇಳಿದಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ನನ್ನ ಗಂಡ ಪೇಪರಿನ ಹಿಂದಿನಿಂದ, "ನಿನಗೂ ಒಂದಿಷ್ಟು ಚುಕ್ಕಿ ಕೊಟ್ರ ಛಲೋ ಇತ್ತು, ಮಾತು ಮಾತಿಗೆ ಹಾಕ್ಕೋತ ಹೋಗ್ತಿದ್ದಿ" ಎಂದರು. ಮೂವತ್ತು ವರ್ಷ ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್ ಮಾಡಿ ನಿವೃತ್ತರಾದ ಮನುಷ್ಯ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಮೂರು ನನ್ನ ಮೇಲೆಯೇ.

ಇನ್ನೂ ಒಂದು ವಿಷಯ ಹೇಳಿದಳು. ಆ ಪದ ಹುಟ್ಟಾ ಅವರದಲ್ಲವಂತೆ. ನೆರೆಯ ಜರ್ಮನ್ ಜನರ ರಾಜನ ಪದ ಗಡಿ ದಾಟಿ ಬಂದು, ಇವರಲ್ಲಿ ಹೆಣ್ಣಾಗಿ, ಮನೆಯ ಪದವೇ ಆಗಿಹೋಯಿತಂತೆ. "ಹಂಗಾದ್ರ ಅಕೀನೂ ಸೊಸಿನ ಬಿಡು, ಹೊರಗಿಂದ ಬಂದಾಕಿ" ಎಂದೆ. ಮಗ ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಅವಳು ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು. ಆ ಕ್ಷಣದಲ್ಲಿ ನನಗೆ ಈ ಹುಡುಗಿ ನಮ್ಮ ಮನೆಗೆ ಬೇಕು ಅನ್ನಿಸಿತು. ಮಗನಿಗಿಂತ ಮೊದಲು ನಾನೇ ಅವಳನ್ನು ಒಪ್ಪಿದೆ ಎಂದು ಈಗಲೂ ಹೇಳುತ್ತೇನೆ.

ಮದುವೆ ಇಲ್ಲಿನ ದೇವಸ್ಥಾನದ ಹಾಲಿನಲ್ಲೇ ಆಯಿತು. ಅವಳ ಕಡೆಯಿಂದ ಬಂದವರು ಇಬ್ಬರು ಗೆಳತಿಯರು ಅಷ್ಟೇ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಜ್ಜಿಯ ಹೆಸರಿನಲ್ಲಿ ಬಂದದ್ದು ಒಂದು ಸ್ಕಾರ್ಫು, ಕಪ್ಪು ಉಣ್ಣೆಯ ಮೇಲೆ ಕೆಂಪು ಗುಲಾಬಿ, ಅಂಚಿಗೆ ಕುಚ್ಚು. ಅವರ ಹಳ್ಳಿಯ ಮದುವೆಯ ಹಾಡುಗಳಲ್ಲಿ ಮದುಮಗಳನ್ನು ಕ್ನ್ಯಹಿನ್ಯಾ ಎಂದೇ ಕರೆಯುತ್ತಾರಂತೆ, ಅವಳು ದನ ಕಾಯುವವನ ಮಗಳಾದರೂ ಸರಿ. ತಲೆಯ ಮೇಲೆ ಗೋಧಿ ತೂರುತ್ತಾರೆ, ಎಲ್ಲರೂ ದೊರೆಸಾನಿಗೆ ತಲೆಬಾಗುತ್ತಾರೆ. ಕೊನೆಯಲ್ಲಿ ಅತ್ತೆ ಬಂದು ಜಡೆ ಬಿಚ್ಚಿ ತಲೆಗೆ ವಸ್ತ್ರ ಕಟ್ಟುತ್ತಾಳೆ. ಅಲ್ಲಿಗೆ ಅರಸೊತ್ತಿಗೆ ಮುಗಿಯಿತು, ಮರುದಿನ ಎದ್ದು ಹಸುವಿನ ಹಾಲು ಕರೆಯಬೇಕು. ಆ ಸ್ಕಾರ್ಫನ್ನು ನೀವೇ ಕಟ್ಟಬೇಕು ಎಂದು ನನ್ನನ್ನು ಕೇಳಿಕೊಂಡಿದ್ದಳು. ಇಳಕಲ್ ಸೀರೆ, ದಂಡೆ, ಬಾಸಿಂಗದ ಮೇಲೆ ನಾನು ಆ ಗುಲಾಬಿ ಸ್ಕಾರ್ಫು ಕಟ್ಟಿದೆ. ನಮ್ಮ ಕಡೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ, ನನಗೇನು.

ನಮ್ಮಲ್ಲಿ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರ ಮೇಲೆ ಹೆಸರು ಬರೆಯಬೇಕು. ಯಾವ ಹೆಸರು ಬೇಕು ಎಂದು ಕೇಳಿದರೆ ಅವಳು ಕುನೆಂಗಿನಿ ಎಂದಳು. ಮಗ ಕನ್ನಡ ಅಕ್ಷರ ಮರೆತವನು, ನಾನು ಪಕ್ಕದಲ್ಲಿ ಕೂತು ಕೈ ಹಿಡಿದು ಬರೆಯಿಸಿದೆ. ಆಚಾರ್ರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಯಾವ ದೇವಿ ಹೆಸರ್ರೀ?" ಎಂದರು. "ಉತ್ತರದ ದೇವಿ ಆಚಾರ್ರ, ಭಾಳ ಉತ್ತರದ" ಎಂದರು ನನ್ನ ಗಂಡ. ಎಲ್ಲ ನಗುತ್ತಿರುವಾಗ ಮದುಮಗಳು ಬಗ್ಗಿ, ಮೆಹೆಂದಿಯ ಕಿರುಬೆರಳಿನಿಂದ ಹೆಸರಿನ ಮುಂದೆ ಅಕ್ಕಿಯಲ್ಲೊಂದು ಚುಕ್ಕಿ ಬರೆದಳು. ತನ್ನ ಮದುವೆಯ ತಟ್ಟೆಯಲ್ಲೂ ಸಾಕ್ಷಿ ಇಲ್ಲದ ಮಾತನ್ನು ಬಿಡಲು ಅವಳಿಗೆ ಮನಸ್ಸಿಲ್ಲ. ಎಂಥ ಹುಡುಗಿಯಪ್ಪಾ ಇದು ಎಂದುಕೊಂಡೆ.

ಅವರು ಸ್ಯಾನ್ ಮಟಿಯೋದ ತಮ್ಮ ಅಪಾರ್ಟ್‌ಮೆಂಟಿಗೆ ಹೊರಟ ದಿನ ಅವಳ ಉಡಿ ತುಂಬಿದೆ. ಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಬೆಲ್ಲ, ಕುಬಸದ ಖಣ ತುಂಬಿ ಕಳಿಸುತ್ತಾಳಲ್ಲ, ಅದೇ. ಇದನ್ನು ತಾಯಿ ಮಾಡಬೇಕು. ತಾಯಿ ಇಲ್ಲದವಳಿಗೆ ಯಾರು ಮಾಡಬೇಕು? ನಾನೇ ಮಾಡಿದೆ. ಅವಳು ಸೆರಗಿನ ಬದಲು ಅಜ್ಜಿಯ ಸ್ಕಾರ್ಫನ್ನು ಒಡ್ಡಿದಳು. ನಾಲ್ಕೂ ಮೂಲೆ ಕೂಡಿಸಿ ಹೇಗೆ ಬಿಗಿಯಬೇಕು, ಒಂದು ಕಾಳೂ ಕೆಳಗೆ ಬೀಳದ ಹಾಗೆ ಗಂಟು ಹೇಗೆ ಹಾಕಬೇಕು ಎಂದು ತೋರಿಸಿಕೊಟ್ಟೆ. ಅವಳು ಗಂಟು ಹೊತ್ತು ಕಾರು ಹತ್ತಿಯೇಬಿಟ್ಟಿದ್ದಳು. ನಾನು ಡ್ರೈವ್‌ವೇವರೆಗೂ ಓಡಿದೆ. ಪದ್ಧತಿಯಲ್ಲಿ ಮುಖ್ಯವಾದದ್ದೇ ಬಾಕಿ ಇತ್ತು. ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ತಟ್ಟೆಗೆ ವಾಪಸು ಹಾಕಿ ಹೋಗಬೇಕು.

"ಯಾಕ?" ಎಂದಳು. ಅಷ್ಟರಲ್ಲಿ ಅವಳಿಗೆ ಆ ಒಂದು ಪದ ಚೆನ್ನಾಗಿ ಬರುತ್ತಿತ್ತು.

"ಒಂದು ಹಿಡಿ ಬಿಟ್ರ ಮತ್ತ ಬರ್ತೀನಿ ಅಂತ ಅರ್ಥ. ಬಿಟ್ಟ ಮ್ಯಾಲೆ ಬರಲೇಬೇಕು, ತಪ್ಪಿಸೂ ಹಂಗಿಲ್ಲ."

ಮಗ ಅನುವಾದ ಮಾಡಿದ. ಅವಳು ಕಾರಿನಿಂದ ಇಳಿದು, ಗಂಟು ಬಿಚ್ಚಿ, ತುಂಬಿದ ಹಿಡಿ ತೆಗೆದು ತಟ್ಟೆಗೆ ಹಾಕಿದಳು. ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದೆ, "ಇದು ನಿನ್ನ ಅತ್ತಿ ಮನಿ ಅಲ್ಲವ್ವಾ, ತವರು ಮನಿ. ಗಂಡನ ಮನಿ ಸ್ಯಾನ್ ಮಟಿಯೋದಾಗ, ತವರು ಎವರ್‌ಗ್ರೀನ್‌ನಾಗ. ತಿಳೀತಿಲ್ಲೋ?" ಅವಳು ತಲೆಯಾಡಿಸಿದಳು. ಆಮೇಲೆ ಅವಳ ಊರಿಗೆ ಯುದ್ಧ ಬಂತು, ಹಳ್ಳಿ ಖಾಲಿಯಾಯಿತು. ಅಜ್ಜಿಯ ಮನೆ ನಿಂತಿದೆಯೋ ಬಿದ್ದಿದೆಯೋ ಎಂದು ಫೋನ್ ಮಾಡಿ ಕೇಳಲು ಅಲ್ಲಿ ಯಾರೂ ಉಳಿಯಲಿಲ್ಲ. ಆ ವಾರ ಅವಳು ನಮ್ಮ ಮನೆಯಲ್ಲೇ ಇದ್ದಳು. ನಾನು ಅವಳ ತಲೆಗೆ ಎಣ್ಣೆ ಹಚ್ಚಿದೆ ಅಷ್ಟೇ.

ಭಾನುವಾರ ನಮ್ಮಿಬ್ಬರದು. ಮಗ ಬಂದರೆ ಬಂದ, ಇಲ್ಲವಾದರೆ ಇಲ್ಲ. ಅವಳು ಫ್ರೀವೇ ಹಿಡಿದು ಒಬ್ಬಳೇ ಬರುತ್ತಿದ್ದಳು. ನಾನು ಜೋಳದ ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದೆ, ಅವಳು ಬದನೆಕಾಯಿ ಹೆಚ್ಚುತ್ತ ಕೇಳುತ್ತಿದ್ದಳು. ಹಾಗೆ ಕಲಿತ ಕನ್ನಡ ಅದು, ನನ್ನ ಅಡುಗೆಮನೆಯ ಕನ್ನಡ. ಪಕ್ಕದೂರು ಸನಿವೇಲಿನಲ್ಲಿರುವ ಬೆಂಗಳೂರಿನವರು ಅವಳ ಬಾಯಲ್ಲಿ "ಭಾಳ ಛಲೋ ಆತು ನೋಡ್ರಿ" ಕೇಳಿ ಬೆಚ್ಚಿಬೀಳುತ್ತಿದ್ದರು. ನಾನು ಹೊಸ ಪದ ಹೇಳಿದರೆ ಅವಳದೊಂದೇ ಪ್ರಶ್ನೆ. "ಎಲ್ಲಿ ಕೇಳಿದ್ರಿ ಅತ್ತಿ? ಯಾರ ಬಾಯಾಗ?" ಸಾಕ್ಷಿ ಕೊಡಬೇಕು. ನಮ್ಮವ್ವನ ಬಾಯಲ್ಲಿ, ಹಾಲಿನವಳ ಬಾಯಲ್ಲಿ, ಹೀಗೆ. ಮೊದಮೊದಲು ಇದು ಪದಗಳಿಗೆ ಮಾತ್ರವಿತ್ತು. ಬರುಬರುತ್ತ ನನ್ನ ಹರಟೆಗೂ ಬಂತು. ಇಂಥವರ ಮಗಳು ಇಂಥವನ ಜೊತೆ ಓಡಾಡುತ್ತಾಳಂತೆ ಎಂದು ನಾನು ರಸವತ್ತಾಗಿ ಶುರು ಮಾಡಿದರೆ, "ನೀವು ಕಂಡ್ರೇನು? ಇಲ್ಲಾ? ಹಂಗಾದ್ರ ಚುಕ್ಕಿ ಹಾಕ್ರಿ" ಎನ್ನುತ್ತಿದ್ದಳು. ನನ್ನ ಅರ್ಧ ಸುದ್ದಿಗಳು ಅವಳ ಮುಂದೆ ಹುಟ್ಟುವ ಮೊದಲೇ ಸತ್ತವು.

ಅವಳ ಪದದ ಮಕ್ಕಳ ಸುದ್ದಿಯೂ ಭಾನುವಾರಗಳಲ್ಲಿ ಬರುತ್ತಿತ್ತು. ಜರ್ಮನಿಯ ಪೂರ್ವದಲ್ಲಿ ಸೋರ್ಬಿಯನ್ ಎಂಬ ಪುಟ್ಟ ಭಾಷೆ ಇದೆಯಂತೆ, ಅಲ್ಲಿ ಆ ಪದ ಸವೆದು ಸವೆದು ಕ್ನ್ಯೇನಿ ಆಗಿದೆ, ಯಾವ ಗೃಹಿಣಿಯನ್ನು ಬೇಕಾದರೂ ಹಾಗೆ ಕರೆಯುತ್ತಾರೆ. "ಅಂದ್ರ ಅಲ್ಲಿ ಭಾಂಡಿ ತಿಕ್ಕಾಕಿನೂ ದೊರೆಸಾನಿ, ತಿಕ್ಕಿಸಾಕಿನೂ ದೊರೆಸಾನಿ. ಛಲೋ ಊರು ಅದು, ಅಲ್ಲಿಗೇ ಹೋಗೋಣ ನಡಿ" ಎಂದೆ. ರಾಜನ ಮನೆಯಲ್ಲಿ ಹುಟ್ಟಿದ ಮಗಳಿಗೆ ಬೇರೆ ಪದ ಇದೆ ಎಂದೂ ಹೇಳಿದಳು. ಯುಕ್ರೇನಿನಲ್ಲಿ ಅವಳು ಕ್ನ್ಯಾಜಿವ್ನಾ. ಕ್ನ್ಯಹಿನ್ಯಾಳನ್ನು ಗಂಡ ಮಾಡುತ್ತಾನೆ, ಕ್ನ್ಯಾಜಿವ್ನಾ ಹುಟ್ಟುತ್ತಲೇ ಹಾಗೆ. ಆಗ ಅದು ನನಗೆ ಬರೀ ಮಾತಾಗಿತ್ತು.

ಸಂಜೆ ಹೊರಡುವಾಗ ನಾನು ಡಬ್ಬಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದೆ. ಅಡುಗೆಮನೆಯ ಬಾಗಿಲ ಹತ್ತಿರ ನಿಂತು ಅವಳು ಡಬ್ಬಿ ತೆರೆದು ಒಂದು ರೊಟ್ಟಿ ತೆಗೆದು ಕಟ್ಟೆಯ ಮೇಲಿಡುತ್ತಿದ್ದಳು. "ಹಿಡಿ ಬಿಟ್ಟೀನ್ರಿ ಅತ್ತಿ." ಪ್ರತಿ ಭಾನುವಾರ. ಆ ರೊಟ್ಟಿಯನ್ನು ಸೋಮವಾರ ಬೆಳಿಗ್ಗೆ ನಾನು ಚಹಾದ ಜೊತೆ ತಿನ್ನುತ್ತಿದ್ದೆ. ಗಂಡನಿಗೂ ಕೊಡುತ್ತಿರಲಿಲ್ಲ.

ಒಂದು ಶನಿವಾರ ಮಗ ಒಬ್ಬನೇ ಬಂದ. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ, ದೊಡ್ಡ ಮಾತಾಡಬೇಕಾದಾಗ ಅವನ ಕನ್ನಡ ಖಾಲಿಯಾಗುತ್ತದೆ.

"ಅಮ್ಮಾ, ಪ್ಲೀಸ್ ಸಿಟ್ ಡೌನ್."

"ರೊಟ್ಟಿ ಬಡೀಲಿಕ್ಕತ್ತೀನಿ, ಕೂಡೂದು ಹೆಂಗ? ಹೇಳು."

"ವಿ ಆರ್ ಸೆಪರೇಟಿಂಗ್. ಮ್ಯೂಚುವಲ್ ಆಗಿ ಡಿಸೈಡ್ ಮಾಡಿದ್ವಿ."

ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. "ಮ್ಯೂಚುವಲ್ ಅಂದ್ರ ಇಬ್ಬರೂ ಒಪ್ಪಿದ್ದು, ಹೌದಿಲ್ಲೋ? ಮತ್ತ ಅಕೀ ಎಲ್ಲಿ? ಇಬ್ಬರ ಮಾತು ಒಬ್ಬನ ಬಾಯಾಗ ಯಾಕ ಬರ್ಲಿಕ್ಕತ್ತದ?"

ಹಂಚಿನ ಮೇಲೆ ರೊಟ್ಟಿ ಸುಟ್ಟು ಹೊಗೆಯಾಗಿ ಅಲಾರ್ಮ್ ಕಿರುಚತೊಡಗಿತು. ನನ್ನ ಗಂಡ ಓಡಿ ಬಂದು ಟವೆಲ್ ಬೀಸಿದರು. ಆ ಗದ್ದಲದಲ್ಲಿ ಮಗ ಉಳಿದ ಮಾತು ಹೇಳದೆ ಜಾರಿಕೊಂಡ. ಉಳಿದ ಮಾತು ಎಂದರೆ ಇನ್ನೊಬ್ಬಳು. ಅದು ನನಗೆ ಬೇರೆಯವರಿಂದ ತಿಳಿಯಿತು. ಸೊಸೆಯನ್ನು ಫೋನಿನಲ್ಲಿ ಕೇಳಿದರೆ, "ಅದು ಅವನ ಮಾತು ಅತ್ತಿ, ಅಂವನ ಹೇಳಬೇಕು" ಎಂದಳು. ನನ್ನ ಮಗನ ಬಗ್ಗೆ ಅವಳ ಬಾಯಲ್ಲಿ ಒಂದು ಕೆಟ್ಟ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನಾದರೆ ಏಳೇಳು ತಲೆಮಾರು ಎತ್ತಿ ಬಯ್ಯುತ್ತಿದ್ದೆ.

ಬೈದೆ ಕೂಡ. ಮಗನನ್ನು ಕೂರಿಸಿ ಮನಸೋ ಇಚ್ಛೆ ಬೈದೆ. ಅವನು ಅತ್ತ. ಅವನು ಅತ್ತದ್ದು ನೋಡಿ ನನಗೂ ಅಳು ಬಂತು, ಅದೇ ನನ್ನ ಕರ್ಮ. ಹೊಟ್ಟೆಯಲ್ಲಿ ಹುಟ್ಟಿದವನು, ಹೊರಗೆ ಹಾಕಲಾಗುತ್ತದೆಯೇ? ಅವನೂ ಬೇಕು, ಅವಳೂ ಬೇಕು. ಅವನು ಅವಳನ್ನು ಬಿಟ್ಟರೆ ಬಿಡಲಿ, ನಾನು ಯಾಕೆ ಬಿಡಲಿ? ತವರು ಎಂದು ಬಾಯಿಬಿಟ್ಟು ಹೇಳಿದ್ದೇನೆ. ಗಂಡ ಬಿಟ್ಟ ಮಗಳು ತವರಿಗೆ ಬರುವುದಿಲ್ಲವ? ನಮ್ಮೂರಲ್ಲಿ ಸೋಡಚೀಟಿ, ಅಂದರೆ ವಿಚ್ಛೇದನ, ಆದ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆ, ತವರಿಗೇ ಅಲ್ಲವ? ಅಷ್ಟೇ ನನ್ನ ಲೆಕ್ಕ. ಈ ತವರು ಅವಳ ಪಾಲಿಗೆ ಉಳಿದರೆ ಸಾಕು, ಇನ್ನೇನೂ ಬೇಡ ಎಂದು ದೇವರ ಮುಂದೆಯೂ ಹೇಳಿದೆ.

ಬಂದಳು. ಕೋರ್ಟಿನ ಕೆಲಸ ನಡೆಯುತ್ತಿದ್ದಾಗಲೂ ಭಾನುವಾರ ಬಂದಳು. ಮೊದಲಿನಂತೆಯೇ ಬದನೆಕಾಯಿ ಹೆಚ್ಚಿದಳು, ಮೊದಲಿನಂತೆಯೇ ಸಾಕ್ಷಿ ಕೇಳಿದಳು. ಮಗ ಆ ದಿನ ಬರಕೂಡದು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಆದರೆ ಅವನು ವಾರದ ನಡುವೆ ಯಾವಾಗಲೋ ಬಂದು ನನ್ನ ಫ್ರಿಜ್ಜಿನ ಬಾಗಿಲಿಗೆ ಒಂದು ಕಪ್ಪು ಬಿಳುಪಿನ ಚಿತ್ರ ಅಂಟಿಸಿ ಹೋಗಿದ್ದ. ಹೊಟ್ಟೆಯ ಸ್ಕ್ಯಾನಿಂಗಿನ ಚಿತ್ರ. ಇನ್ನೊಬ್ಬಳು ಬಸುರಿ. ನಾನು ಅದನ್ನು ತೆಗೆದಿಡಲು ಹೋಗಿ ಕೈ ಬಾರದೆ ಬಿಟ್ಟಿದ್ದೆ. ಎಷ್ಟಾದರೂ ಮೊಮ್ಮಗು. ಭಾನುವಾರ ಅವಳು ಮೊಸರು ತೆಗೆಯಲು ಫ್ರಿಜ್ಜಿಗೆ ಹೋದಳು. ನಿಂತು ನೋಡಿದಳು. ಚಿತ್ರ ಓರೆಯಾಗಿತ್ತು, ಮ್ಯಾಗ್ನೆಟ್ ಸರಿಸಿ ನೆಟ್ಟಗೆ ಮಾಡಿದಳು. ಮೊಸರು ತಂದು ನನ್ನ ಮುಂದಿಟ್ಟಳು.

ನಾನು ಉಸಿರು ಹಿಡಿದು ಕೂತಿದ್ದೆ. ಸಂಜೆ ಹೊರಡುವಾಗ ಡಬ್ಬಿ ತೆರೆದು ಒಂದು ರೊಟ್ಟಿ ತೆಗೆದು ಕಟ್ಟೆಯ ಮೇಲಿಟ್ಟಳು. ಅಯ್ಯೋ ದೇವರೇ, ಉಳಿಯಿತು ಎಂದುಕೊಂಡೆ. ಆ ಒಂದು ರೊಟ್ಟಿಯ ಮೇಲೆ ನಾನು ಎಷ್ಟು ದಿನ ಬದುಕಿದೆ ಎಂದು ಹೇಳಿದರೆ ನಗುತ್ತೀರಿ.

ಸೋಡಚೀಟಿ ಆಯಿತು. ಆಮೇಲೆ ಅವಳಿಗೆ ದೇಶದ ಆಚೆ ತುದಿಯಲ್ಲಿ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅವಳಿಗೆ ಬೇಕಾಗಿದ್ದ ಕೆಲಸವೇ. ಫೋನಿನಲ್ಲಿ ಹೇಳಿದಾಗ ನಾನು ಖುಷಿಪಟ್ಟ ಹಾಗೆ ಮಾತಾಡಿದೆ. ಹೊರಡುವ ದಿನ ಬೆಳಿಗ್ಗೆ ಮನೆಗೆ ಬಾ, ಉಡಿ ತುಂಬಿ ಕಳಿಸುತ್ತೇನೆ, ಮಾವ ಏರ್‌ಪೋರ್ಟಿಗೆ ಬಿಡುತ್ತಾರೆ ಎಂದೆ. ಬರುತ್ತೇನೆ ಎಂದಳು.

ಸಾಂಟಾ ಕ್ಲಾರಾದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ, ಬೆಳಗಾವಿಯವಳು, ಅವಳಿಗೆ ಒಳ್ಳೆಯ ಖಣ ಎಲ್ಲಿ ಸಿಗುತ್ತದೆ ಎಂದು ಕೇಳಲು ಫೋನ್ ಮಾಡಿದೆ. ಯಾರಿಗೆ ಎಂದಳು. ಹೇಳಿದೆ. "ನಿಮಗ ಬುದ್ಧಿ ಅದನೋ ಇಲ್ಲೋ? ಸೋಡಚೀಟಿ ಆದಾಕಿಗೆ ಉಡಿ ತುಂಬ್ತಾರೇನು? ಅಕೀ ಈಗ ಮುತ್ತೈದಿನೂ ಅಲ್ಲ, ನಿಮ್ಮ ಸೊಸಿನೂ ಅಲ್ಲ. ಯಾವ ಲೆಕ್ಕದಾಗ ತುಂಬ್ತೀರಿ?"

"ಮಗಳ ಲೆಕ್ಕದಾಗ ತುಂಬ್ತೀನಿ" ಎಂದು ಫೋನ್ ಇಟ್ಟೆ. ನನ್ನ ಪೆಟ್ಟಿಗೆಯಲ್ಲೇ ನಮ್ಮವ್ವ ಕೊಟ್ಟ ಗುಳೇದಗುಡ್ಡದ ಖಣ ಇತ್ತು, ಹೊಲಿಸದೆ ತೊಡದೆ ಇಟ್ಟದ್ದು. ಅದನ್ನೇ ತೆಗೆದೆ.

ಅವಳು ಬಂದಾಗ ಬಿಸಿಲು ಹಿತ್ತಿಲ ಗುಡ್ಡದ ಒಣಹುಲ್ಲಿನ ಮೇಲೆ ಬಿದ್ದಿತ್ತು. ಜೀನ್ಸು, ಒಂದು ಸ್ವೆಟರು, ಎರಡು ಸೂಟ್‌ಕೇಸು, ಹೆಗಲ ಮೇಲೆ ಅಜ್ಜಿಯ ಸ್ಕಾರ್ಫು. ನಾನು ಹೇಳದೆಯೇ ತಂದಿದ್ದಳು. ಉಪ್ಪಿಟ್ಟು ತಿಂದಳು. ದೇವರ ಕೋಣೆಯ ಮುಂದೆ ಮಣೆ ಹಾಕಿ ಕೂರಿಸಿದೆ, ಕುಂಕುಮ ಹಚ್ಚಿದೆ. ಅವಳು ಸ್ಕಾರ್ಫು ಒಡ್ಡಿದಳು. ಬೊಗಸೆಯಲ್ಲಿ ಅಕ್ಕಿ ತುಂಬಿದೆ. ಕೊಬ್ಬರಿ ಬಟ್ಟಲು ಇಟ್ಟೆ, ಉತ್ತತ್ತಿ, ಅರಿಷಿಣದ ಬೇರು, ಬೆಲ್ಲದ ಚೂರು, ಮೇಲೆ ನಮ್ಮವ್ವನ ಖಣ.

"ನೋಡವಾ" ಎಂದೆ. "ನೀ ನನಗ ಕ್ನ್ಯಹಿನ್ಯಾ ಅಲ್ಲ. ನನ್ನ ಮಗನ ಕಟಗೊಂಡು ಆದಾಕಿ ಅಲ್ಲ ನೀ. ಆ ಇನ್ನೊಂದು ಪದ ಇತ್ತಲ್ಲ, ಹುಟ್ಟುತ್ಲೇ ಆದಾಕಿದು, ಅದು ನೀ, ಕ್ನ್ಯಾಜಿವನಾ."

"ಕ್ನ್ಯಾಜಿವ್ನಾ" ಎಂದು ತಿದ್ದಿದಳು. ಅಳುತ್ತ ನಕ್ಕಳು. "ಎಷ್ಟು ಸಲ ಹೇಳೀನಿ ನಿಮಗ."

ನಾನು ಖಾಲಿ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ಉಡಿಯೊಳಗೆ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದಳು. ತಟ್ಟೆಯ ಮೇಲೆ ಮುಷ್ಟಿ ಹಿಡಿದಳು. ಮುಷ್ಟಿ ಬಿಚ್ಚಲಿಲ್ಲ.

"ಬಿಡು" ಎಂದೆ.

"ಬಿಟ್ರ ಬರಬೇಕು ಅತ್ತಿ."

"ಹೌದು, ಬರಬೇಕು. ಅದಕ್ಕ ಬಿಡು ಅನ್ನೂದು."

"ನಾ ಬರೂದಿಲ್ರಿ."

ಕಾರಿನ ಕೀ ಹಿಡಿದು ಒಳಗೆ ಬರುತ್ತಿದ್ದ ನನ್ನ ಗಂಡ ಬಾಗಿಲಲ್ಲೇ ನಿಂತರು. ಅವಳು ಮುಷ್ಟಿಯನ್ನು ನೋಡುತ್ತಲೇ ಹೇಳಿದಳು, ಒಂದೊಂದೇ ಮಾತು ಹುಡುಕಿ. "ಕೂಸು ಬರ್ತದ. ಕೂಸಿನ ಅವ್ವನೂ ಬರ್ತಾಳ. ಅಕೀಗೆ ಈ ಮನಿ ಬೇಕು. ಕೂಸಿಗೆ ಅಜ್ಜಿ ಬೇಕು. ಭಾನುವಾರ ನಾ ಬಂದು ಇಲ್ಲಿ ಕೂತ್ರ ಅಕೀ ಎಲ್ಲಿ ಕೂಡಬೇಕು? ನಿಮಗ ಹೇಳಲಿಕ್ಕಾಗೂದಿಲ್ಲ. ನನಗೂ ನೋಡಲಿಕ್ಕಾಗೂದಿಲ್ಲ, ಅತ್ತಿ. ಆ ದಿನ ಫ್ರಿಜ್ಜಿನ ಮುಂದ ನಿಂತಾಗ ತಿಳೀತು."

"ಸುಳ್ಳು ಹೇಳು" ಎಂದೆ. ನಾಚಿಕೆ ಬಿಟ್ಟು ಬೇಡಿದೆ. "ಬರ್ತೀನಿ ಅಂತ ಸುಳ್ಳು ಹೇಳಿ ಬಿಟ್ಟು ಹೋಗು. ನಾ ಏನು ಸಾಕ್ಷಿ ಕೇಳ್ತೀನೇನು?"

ತಲೆ ಅಲ್ಲಾಡಿಸಿದಳು.

"ಹಂಗಾದ್ರ ಚುಕ್ಕಿ ಹಾಕು. ಅವತ್ತ ಮದುವಿ ತಟ್ಯಾಗ ಹಾಕಿದ್ದಿಯಲ್ಲ, ಹಂಗ ಹಾಕು. ಇದು ಖರೇ ಅಲ್ಲ, ಬರೇ ಊಹಾ ಅಂತ ಚುಕ್ಕಿ ಹಾಕಿ ಒಂದು ಹಿಡಿ ಬಿಡು. ನಾ ಚುಕ್ಕಿನ ಇಟಗೊಂಡು ಕೂಡ್ತೀನಿ."

ಅವಳು ಎಡಗೈಯಿಂದ ನನ್ನ ಕೆನ್ನೆ ಒರೆಸಿದಳು. "ಚುಕ್ಕಿ ಹಿಂದಿನದಕ್ಕ ಇರ್ತದ ಅತ್ತಿ. ಒಂದ್ ಕಾಲಕ್ಕ ಇತ್ತು ಅನ್ನೂದಕ್ಕ. ಮುಂದಿನದಕ್ಕ ಚುಕ್ಕಿ ಇಲ್ಲ."

ಮುಷ್ಟಿಯನ್ನು ಹಿಂದಕ್ಕೆ ತೆಗೆದು ತನ್ನ ಉಡಿಯ ಮೇಲೆ ಬಿಚ್ಚಿದಳು. ಅಕ್ಕಿ ಅಕ್ಕಿಯೊಳಗೆ ಸೇರಿತು. ಬೆರಳ ಸಂದಿಯಲ್ಲಿ ಅಂಟಿಕೊಂಡಿದ್ದನ್ನೂ ಕೊಡವಿದಳು. ಆಮೇಲೆ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿದಳು, ಎದ್ದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಏನು ಹರಸಿದೆನೋ ನೆನಪಿಲ್ಲ. ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಗಂಡ ಅವಳನ್ನು ಬಿಟ್ಟು ವಾಪಸು ಬಂದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ಕೇಳಲಿಲ್ಲ, ಟಿವಿಯ ಮುಂದೆ ಟಿವಿ ಹಾಕದೆ ಕೂತರು. ನಾನು ಕೀ ತೆಗೆದುಕೊಂಡು ಹೊರಗೆ ಹೋದೆ. ಕಾರಿನ ಮುಂದಿನ ಸೀಟಿನಲ್ಲಿ ಅವಳು ಕೂತಿದ್ದಳು, ಗಂಟು ತೊಡೆಯ ಮೇಲಿತ್ತು ಎಂದು ಗಂಡ ಹೇಳಿದ್ದರು. ಸೀಟಿನ ಮಡಿಕೆಯಲ್ಲಿ ಬೆರಳು ಹಾಕಿ ನೋಡಿದೆ. ಕೆಳಗಿನ ಮ್ಯಾಟು ಎತ್ತಿ ನೋಡಿದೆ. ಸೀಟು ಹಿಂದೆ ಸರಿಸಿ, ಮಂಡಿಯೂರಿ, ಅದರ ಅಡಿಯಲ್ಲೆಲ್ಲ ಕೈಯಾಡಿಸಿದೆ. ತಾನಾಗಿ ಬಿಡದಿದ್ದರೂ ಒಂದು ಕಾಳಾದರೂ ಬಿದ್ದಿರಬಹುದು, ಬಿದ್ದದ್ದೂ ಬಿಟ್ಟದ್ದೇ ಎಂದುಕೊಳ್ಳಬಹುದಲ್ಲ ಎಂಬ ಆಸೆ.

ಒಂದು ಕಾಳೂ ಇರಲಿಲ್ಲ. ಹಾಗೆ ಬಿಗಿದು ಗಂಟು ಹಾಕುವುದನ್ನು ಅವಳಿಗೆ ಕಲಿಸಿದವಳು ನಾನೇ.